ಕಾಲುದಾರಿ ರಿಪೇರಿಗೆ ನಾನೂ ಹೋಗಬಹುದಾ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆ. ಈಗ ಇಂಗ್ಲೆಂಡಿನ ಬಕಿಂಗ್‌ಹ್ಯಾಮ್‌ಶೈರ್‌ನಲ್ಲಿದ್ದೇನೆ, ಐಟಿ ಕೆಲಸ. ರಜೆಯ ದಿನ ಮನೆಯವರೆಲ್ಲ ಹೊಲಗಳ ನಡುವಿನ ಕಾಲುದಾರಿಗಳಲ್ಲಿ ನಡೆಯುತ್ತೇವೆ. ಒಂದು ಕಡೆ ಬೇಲಿ ಹತ್ತಿ ದಾಟಲು ಇಟ್ಟ ಮೆಟ್ಟಿಲು (ಇಲ್ಲಿ ‘ಸ್ಟೈಲ್’ ಅನ್ನುತ್ತಾರೆ) ಮುರಿದಿದೆ. ಊರಿಂದ ಬಂದಿದ್ದ ಅಮ್ಮನಿಗೆ ಅದನ್ನು ಹತ್ತಲು ಆಗಲೇ ಇಲ್ಲ. ಇನ್ನೊಂದು ಕಡೆ ಮುಳ್ಳು ಬೆಳೆದು ದಾರಿಯೇ ಕಾಣುವುದಿಲ್ಲ. ಚಳಿಗಾಲದಲ್ಲಿ ಕಾಲು ಹೂತುಹೋಗುವಷ್ಟು ಕೆಸರು. ಇದನ್ನೆಲ್ಲ ಸ್ವಯಂಸೇವಕರು ಸರಿ ಮಾಡುತ್ತಾರಂತೆ. ನಾನೂ ಸೇರಬಹುದಾ? ಊರಿಂದ ತಂದ ಕತ್ತಿ ಇದೆ, ಸುಮ್ನೆ ನಾನೇ ಹೋಗಿ ಸವರಿದರೆ ತಪ್ಪಾ? ಅಷ್ಟಕ್ಕೂ ಇದು ಕೌನ್ಸಿಲ್ (ಇಲ್ಲಿಯ ಸ್ಥಳೀಯ ಆಡಳಿತ) ಕೆಲಸ ಅಲ್ವಾ? ನಮ್ಮೂರಲ್ಲೂ ಹೀಗೆ ಮಾಡಬಹುದಾ?

ಉತ್ತರ: ಮೊದಲು ಆ ಕತ್ತಿಯನ್ನು ಮನೆಯಲ್ಲೇ ಬಿಡಿ. ಸರಿಯಾದ ಕಾರಣ ಇಲ್ಲದೆ ಸಾರ್ವಜನಿಕ ಜಾಗದಲ್ಲಿ ಹರಿತವಾದ ವಸ್ತು ಇಟ್ಟುಕೊಂಡು ಓಡಾಡುವುದು ಇಲ್ಲಿ ಅಪರಾಧ. 1988ರ ಕಾಯ್ದೆ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಮೂರು ಇಂಚು ಮೀರದ, ಮಡಚುವ ಪೆನ್‌ನೈಫಿಗೆ ಮಾತ್ರ ವಿನಾಯಿತಿ. ತೀರ್ಥಹಳ್ಳಿಯಲ್ಲಿ ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು ತೋಟಕ್ಕೆ ಹೊರಟವರನ್ನು ಯಾರೂ ತಿರುಗಿ ನೋಡುವುದಿಲ್ಲ. ಇಲ್ಲಿ ಅದೇ ವೇಷದಲ್ಲಿ ಬಸ್ಸು ಹತ್ತಿದರೆ ಪೊಲೀಸರಿಗೆ ಫೋನ್ ಹೋಗುತ್ತದೆ. ‘ದಾರಿ ಸವರಲು ಹೊರಟಿದ್ದೆ’ ಅಂತ ರಸ್ತೆ ಬದಿಯಲ್ಲಿ ನಿಂತು ವಿವರಿಸುವ ಕಷ್ಟ ನಿಮಗೆ ಬೇಡ.

ಇನ್ನು ಸವರುವ ಹಕ್ಕಿನ ಮಾತು. ನಡೆದು ಹೋಗುವಾಗ ದಾರಿಗೆ ಅಡ್ಡ ಬಂದದ್ದನ್ನು, ನೀವು ದಾಟಲು ಎಷ್ಟು ಬೇಕೋ ಅಷ್ಟು ಮಾತ್ರ ಸರಿಸಬಹುದು, ಕತ್ತರಿಸಬಹುದು. ಇದು ಹಳೆಯ ಕಾಲದಿಂದ ನಡೆದು ಬಂದ ಹಕ್ಕು. ಅದಕ್ಕೇ ಇಲ್ಲಿ ಹಳೆಯ ನಡಿಗೆಗಾರರ ಜೇಬಲ್ಲಿ ಗುಲಾಬಿ ಗಿಡ ಸವರುವ ಸಣ್ಣ ಕತ್ತರಿ ಇರುತ್ತದೆ. ಆದರೆ ಕಡಿಯಲೆಂದೇ ಮನೆಯಿಂದ ಹೊರಟು, ದಾರಿಯುದ್ದಕ್ಕೂ ಬೋಳಿಸಿ ಬಂದರೆ ಅದು ಆ ಹಕ್ಕಿನೊಳಗೆ ಬರುವುದಿಲ್ಲ. ಬೇಲಿ ಇನ್ನೊಬ್ಬರದು. ನೆಲವೂ ಇನ್ನೊಬ್ಬರದು. ನಿಮಗಿರುವುದು ಅದರ ಮೇಲೆ ನಡೆಯುವ ಹಕ್ಕು, ಅಷ್ಟೇ.

ಈ ನಡೆಯುವ ಹಕ್ಕು ಮಾತ್ರ ಬಹಳ ಗಟ್ಟಿಯಾದದ್ದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇಂಥ ಸಾರ್ವಜನಿಕ ದಾರಿಗಳು ಸುಮಾರು 2,25,000 ಕಿಲೋಮೀಟರ್ ಇವೆ. ಹೆಚ್ಚಿನವು ಖಾಸಗಿ ಜಮೀನಿನ ಮೇಲೆಯೇ ಹಾದುಹೋಗುತ್ತವೆ. 1949ರಲ್ಲಿ ಬಂದ ರಾಷ್ಟ್ರೀಯ ಉದ್ಯಾನಗಳ ಕಾಯ್ದೆ ಒಂದು ದೊಡ್ಡ ಕೆಲಸ ಮಾಡಿತು. ಪ್ರತಿ ಕೌಂಟಿಯೂ (ನಮ್ಮ ಜಿಲ್ಲೆಯಂಥದ್ದು) ತನ್ನಲ್ಲಿರುವ ಸಾರ್ವಜನಿಕ ದಾರಿಗಳನ್ನೆಲ್ಲ ಗುರುತಿಸಿ ಒಂದು ನಕ್ಷೆ ಮಾಡಬೇಕು ಎಂದಿತು. ಇದನ್ನು ಡೆಫಿನಿಟಿವ್ ಮ್ಯಾಪ್ ಅನ್ನುತ್ತಾರೆ. ಆ ನಕ್ಷೆಯಲ್ಲಿ ಒಂದು ದಾರಿ ಇದ್ದರೆ ಅದು ಸಾರ್ವಜನಿಕ ದಾರಿ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಜಮೀನು ಮಾರಾಟವಾಗಲಿ, ಮಾಲೀಕ ಬದಲಾಗಲಿ, ದಾರಿ ಹಾಗೇ ಉಳಿಯುತ್ತದೆ. ಹತ್ತು ವರ್ಷ ಯಾರೂ ನಡೆಯದೆ ಮುಳ್ಳು ಮುಚ್ಚಿಕೊಂಡರೂ ಕಾನೂನಿನ ಕಣ್ಣಲ್ಲಿ ಅದು ದಾರಿಯೇ. ನೀವು ಮೊದಲು ಮಾಡಬೇಕಾದ್ದು ಇದನ್ನೇ. ಕೌನ್ಸಿಲ್ ವೆಬ್‌ಸೈಟಿನಲ್ಲಿ ಆ ನಕ್ಷೆ ನೋಡಿ, ನಿಮ್ಮ ದಾರಿ ಅದರಲ್ಲಿ ಇದೆಯಾ, ಅದರ ನಂಬರ್ ಏನು ಅಂತ ಬರೆದಿಟ್ಟುಕೊಳ್ಳಿ. ಪ್ಯಾರಿಷ್ (ಇಲ್ಲಿಯ ಗ್ರಾಮ ಮಟ್ಟದ ಆಡಳಿತ ಘಟಕ) ಹೆಸರು, ಜೊತೆಗೊಂದು ನಂಬರ್ ಇರುತ್ತದೆ. ಮುಂದಿನ ಎಲ್ಲ ಪತ್ರ, ಫೋನ್, ಜಗಳಗಳಿಗೂ ಅದೇ ಆಧಾರ.

‘ಇದು ಕೌನ್ಸಿಲ್ ಕೆಲಸ ಅಲ್ವಾ’ ಅಂತ ಕೇಳಿದ್ದೀರಿ. ಅರ್ಧ ಹೌದು. ಮುಖ್ಯವಾಗಿ 1980ರ ಹೈವೇಸ್ ಕಾಯ್ದೆ ಜವಾಬ್ದಾರಿಯನ್ನು ಹಂಚಿದೆ. ದಾರಿಯ ಮೇಲ್ಮೈ, ಅಂದರೆ ಕಾಲಿಡುವ ನೆಲ, ಅದರ ಮೇಲೆ ಬೆಳೆದ ಹುಲ್ಲು ಮತ್ತು ಗಿಡ, ಬಹುಪಾಲು ಸೇತುವೆಗಳು, ರಸ್ತೆಯಿಂದ ದಾರಿ ಶುರುವಾಗುವಲ್ಲಿನ ಕೈಕಂಬ, ಇವು ಕೌನ್ಸಿಲ್ ಲೆಕ್ಕ. ಪಕ್ಕದ ಬೇಲಿಯಿಂದ ಒಳಗೆ ಚಾಚಿದ ಕೊಂಬೆ, ಮುರಿದ ಸ್ಟೈಲ್, ನೇತಾಡುವ ಗೇಟು ಜಮೀನಿನವರ ಲೆಕ್ಕ. ಆದರೆ ಸ್ಟೈಲ್, ಗೇಟು ಸರಿಯಾಗಿ ಇಟ್ಟುಕೊಂಡರೆ ಖರ್ಚಿನ ಕಾಲು ಭಾಗವನ್ನಾದರೂ ಕೌನ್ಸಿಲ್ ಕೊಡಬೇಕು. ಎಷ್ಟೋ ರೈತರಿಗೆ ಇದು ನೆನಪಿರುವುದಿಲ್ಲ. ನೆನಪಿಸಿದರೆ ಮಾತಿನ ಧಾಟಿಯೇ ಬದಲಾಗುತ್ತದೆ.

ಉಳುಮೆಗೂ ನಿಯಮ ಇದೆ. ಹೊಲದ ಅಂಚಿನಲ್ಲಿ ಹೋಗುವ ಕಾಲುದಾರಿಯನ್ನು ಉಳುವ ಹಾಗೇ ಇಲ್ಲ. ನಡುವೆ ಹಾದುಹೋಗುವುದನ್ನು ಉಳಬಹುದು, ಆದರೆ ಬಿತ್ತನೆಗಾಗಿ ಮೊದಲ ಸಲ ಕದಡಿದ 14 ದಿನದೊಳಗೆ ದಾರಿಯನ್ನು ಮತ್ತೆ ಸಮ ಮಾಡಿ, ಎಲ್ಲಿದೆ ಅಂತ ಕಾಣುವ ಹಾಗೆ ಮಾಡಬೇಕು. ಅದಾದ ಮೇಲೆ ಪ್ರತಿ ಸಲ ಕದಡಿದರೂ 24 ಗಂಟೆಯೊಳಗೆ. ಬೇರೆ ಅಗಲ ದಾಖಲಾಗಿಲ್ಲದಿದ್ದರೆ ಹೊಲದ ನಡುವಿನ ಕಾಲುದಾರಿಗೆ ಕನಿಷ್ಠ ಒಂದು ಮೀಟರ್, ಅಂಚಿನದಕ್ಕೆ ಒಂದೂವರೆ ಮೀಟರ್. ಅಷ್ಟರೊಳಗೆ ಗೋಧಿಯೋ ರೇಪ್‌ಸೀಡೋ ಬೆಳೆದು ನಿಂತಿದ್ದರೆ ತಪ್ಪು ರೈತರದು. ನೀವು ಬೆಳೆ ತುಳಿಯುತ್ತಿದ್ದೇನೆ ಅಂತ ಸಂಕೋಚಪಟ್ಟು ಬೇಲಿ ಸುತ್ತಬೇಕಾಗಿಲ್ಲ. ನಮ್ಮವರು ಬಹಳ ಜನ ಹೀಗೆ ಸುತ್ತುತ್ತಾರೆ. ಬೆಳೆ ತುಳಿಯಬಾರದು ಅಂತ ಚಿಕ್ಕಂದಿನಿಂದ ಕಲಿತದ್ದು ಅಷ್ಟು ಬೇಗ ಬಿಡುವುದಿಲ್ಲ. ಇಲ್ಲಿ ಮಾತ್ರ ಗುರುತಾದ ಗೆರೆಯ ಮೇಲೆ ನೇರವಾಗಿ ನಡೆಯುವುದೇ ಸರಿ. ಜನ ನಡೆದರೆ ದಾರಿ ತಾನೇ ಬೀಳುತ್ತದೆ.

ಹಾಗಾದರೆ ಸ್ವಯಂಸೇವಕರು ಯಾಕೆ? ಕಾಗದದ ಮೇಲೆ ಹೊಣೆ ಇದೆ, ಕೈಯಲ್ಲಿ ಹಣ ಇಲ್ಲ. 2010ರ ನಂತರ ಇಲ್ಲಿನ ಕೌನ್ಸಿಲ್‌ಗಳಿಗೆ ಸರ್ಕಾರದ ದುಡ್ಡು ಕಡಿಮೆಯಾಯಿತು. ಶಾಲೆ, ವೃದ್ಧರ ಆರೈಕೆ, ಕಸ ಇವೆಲ್ಲ ಮುಗಿದ ಮೇಲೆ ಕಾಲುದಾರಿಯ ಸರದಿ. ಪುಕ್ಕಟೆ ಕೆಲಸ ಮಾಡಿ ಅವರ ಹೊಣೆಯನ್ನು ಹಗುರ ಮಾಡುತ್ತಿದ್ದೇವಾ ಅನ್ನುವ ಕಿರಿಕಿರಿ ನನಗೂ ಇದೆ. ಆದರೂ ಹೋಗುತ್ತೇನೆ. ಯಾಕೆಂದರೆ ಕೌನ್ಸಿಲ್ ವಾಹನ ಒಂದು ದಾರಿಗೆ ಬರುವುದು ಹಾಳಾದ ಮೇಲೆ. ಹಾಳಾಗುವ ಮೊದಲೇ ನೋಡಿಕೊಳ್ಳಲು ಅಲ್ಲೇ ಓಡಾಡುವ ಮನುಷ್ಯರೇ ಬೇಕು. ಯಾವ ಬಜೆಟ್ಟು ಬಂದರೂ ಅದು ಬದಲಾಗುವುದಿಲ್ಲ. ಇದು ಹೊಸ ವಿಚಾರವೂ ಅಲ್ಲ. 1826ರಲ್ಲೇ ಮ್ಯಾಂಚೆಸ್ಟರ್‌ನ ಜನ ಹಳೆಯ ಕಾಲುದಾರಿಗಳನ್ನು ಉಳಿಸಿಕೊಳ್ಳಲು ಸಂಘ ಕಟ್ಟಿದ್ದರು. 1894ರಲ್ಲಿ ಹುಟ್ಟಿದ ಪೀಕ್ ಆ್ಯಂಡ್ ನಾರ್ದರ್ನ್ ಫುಟ್‌ಪಾತ್ಸ್ ಸೊಸೈಟಿ ಇವತ್ತಿಗೂ ಇದೆ. ಡರ್ಬಿಶೈರ್ ಕಡೆ ನಡೆಯಲು ಹೋದರೆ ಅವರ ಹಸಿರು ಲೋಹದ ಕೈಕಂಬಗಳು ಸಿಗುತ್ತವೆ, ಪ್ರತಿಯೊಂದಕ್ಕೂ ಒಂದು ನಂಬರ್.

ಇನ್ನು ನಿಜವಾದ ಕೆಲಸಕ್ಕೆ ಬರೋಣ. ಹೊಸಬರು ಬಂದಾಗ ಎಲ್ಲರಿಗೂ ಸೇತುವೆ ಕಟ್ಟುವ ಆಸೆ, ಗೇಟು ನೆಡುವ ಆಸೆ. ಫೋಟೋ ಚೆನ್ನಾಗಿ ಬರುತ್ತದೆ ನೋಡಿ. ದಾರಿಯನ್ನು ನಿಜವಾಗಿ ಉಳಿಸುವುದು ಅದಕ್ಕಿಂತ ಬೇಜಾರಿನ ಕೆಲಸ. ನೀರನ್ನು ದಾರಿಯಿಂದ ಹೊರಗೆ ಕಳಿಸುವುದು.

ನಿಮ್ಮ ಚಿಲ್ಟರ್ನ್ ಗುಡ್ಡಗಳನ್ನೇ ತೆಗೆದುಕೊಳ್ಳಿ. ಒಳಗೆ ಸುಣ್ಣದ ಕಲ್ಲು, ಚಾಕ್. ಆದರೆ ನೆತ್ತಿಯ ಮೇಲೆ ಫ್ಲಿಂಟ್ ಕಲ್ಲು ಬೆರೆತ ಜೇಡಿಮಣ್ಣಿನ ಪದರ. ಚಾಕ್ ನೀರು ಕುಡಿಯುತ್ತದೆ, ಜೇಡಿ ಕುಡಿಯುವುದಿಲ್ಲ. ಅದಕ್ಕೇ ನೆತ್ತಿಯ ಬೀಚ್ ಕಾಡುಗಳಲ್ಲಿ ನವೆಂಬರ್‌ನಿಂದ ಮಾರ್ಚ್‌ವರೆಗೆ ಕೆಸರೋ ಕೆಸರು. ಕೆಸರು ಕಂಡ ಕೂಡಲೇ ನಾವೆಲ್ಲ ಏನು ಮಾಡುತ್ತೇವೆ? ಪಕ್ಕದ ಹುಲ್ಲಿನ ಮೇಲೆ ಕಾಲಿಡುತ್ತೇವೆ. ನಾಲ್ಕು ದಿನಕ್ಕೆ ಆ ಹುಲ್ಲೂ ಕೆಸರಾಗುತ್ತದೆ. ಮುಂದಿನವರು ಅದರಾಚೆ ಕಾಲಿಡುತ್ತಾರೆ. ಎರಡು ಅಡಿ ದಾರಿ ಚಳಿಗಾಲ ಮುಗಿಯುವಷ್ಟರಲ್ಲಿ ಎಮ್ಮೆ ಮಲಗುವ ಹೊಂಡದಷ್ಟು ಅಗಲವಾಗಿರುತ್ತದೆ. ಒಳ್ಳೆಯ ಬೂಟು ಹಾಕಿಕೊಂಡು ಕೆಸರಿನ ನಡುವೆಯೇ ನಡೆಯಿರಿ ಅಂತ ನಾವು ಹೇಳುವುದು ಅದಕ್ಕೇ. ಹಟಕ್ಕೆ ಅಲ್ಲ.

ಇಳಿಜಾರಿನಲ್ಲಿ ಕಥೆ ಬೇರೆ. ಅಲ್ಲಿ ದಾರಿಯೇ ಕಾಲುವೆಯಾಗುತ್ತದೆ. ಜನ ತುಳಿದು ತಗ್ಗಾದ ಗೆರೆಯಲ್ಲಿ ಮಳೆನೀರು ಇಳಿಯುತ್ತದೆ, ಇಳಿಯುವಾಗ ಮಣ್ಣನ್ನೂ ಒಯ್ಯುತ್ತದೆ. ಇದಕ್ಕೆ ಔಷಧಿ ಎಂದರೆ ದಾರಿಗೆ ಓರೆಯಾಗಿ ಒಂದು ಮರದ ದಿಮ್ಮಿಯನ್ನೋ ಕಲ್ಲಿನ ಸಾಲನ್ನೋ ಹೂಳುವುದು. ಅದು ನೀರನ್ನು ತಡೆದು ಪಕ್ಕಕ್ಕೆ ತಳ್ಳುತ್ತದೆ. ನೇರ ಅಡ್ಡ ಹಾಕಿದರೆ ಹಿಂದೆ ಹೂಳು ತುಂಬಿ ಎರಡೇ ಮಳೆಗೆ ನೀರು ಮೇಲೆ ಹತ್ತಿ ಹರಿಯುತ್ತದೆ. ಓರೆ ಇದ್ದರೆ ನೀರು ತನ್ನ ಹೂಳನ್ನು ತಾನೇ ತೊಳೆದುಕೊಂಡು ಹೋಗುತ್ತದೆ. ಅಡಿಕೆ ತೋಟದ ಬಸಿಗಾಲುವೆ ನೋಡಿ ಬೆಳೆದ ನಿಮಗೆ ಇದನ್ನು ಹೇಳಿಕೊಡಬೇಕಾಗಿಯೇ ಇಲ್ಲ. ಅಲ್ಲಿಯ ಹಾಗೇ ಇಲ್ಲೂ, ಮೊದಲು ನೀರು ಹೊರಬೀಳುವ ಬಾಯಿ ಬಿಡಿಸಿಕೊಂಡು ಆಮೇಲೆ ಮೇಲೆ ಬರಬೇಕು. ತೆಗೆದ ಮಣ್ಣನ್ನು ಇಳಿಜಾರಿನ ಕೆಳಬದಿಗೆ, ದೂರ ಎಸೆಯಬೇಕು. ಮೇಲ್ಬದಿಗೆ ಗುಡ್ಡೆ ಹಾಕಿದರೆ ಮುಂದಿನ ಮಳೆ ಅದನ್ನು ವಾಪಸ್ ತಂದು ಅಲ್ಲೇ ಸುರಿಯುತ್ತದೆ.

ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ಫಿಕ್ಸ್ ದ ಫೆಲ್ಸ್ ಅನ್ನುವ ತಂಡ 2001ರಿಂದ ಬೆಟ್ಟದ ದಾರಿಗಳನ್ನು ನೋಡಿಕೊಳ್ಳುತ್ತಿದೆ. ಅಲ್ಲಿಯ ಸ್ವಯಂಸೇವಕರ ದೊಡ್ಡ ಕೆಲಸವೇ ‘ಡ್ರೇನ್ ರನ್’. ಸಲಿಕೆ ಹೆಗಲಿಗೆ ಹಾಕಿಕೊಂಡು ಬೆಟ್ಟ ಹತ್ತುವುದು, ದಾರಿಯಲ್ಲಿ ಸಿಗುವ ಪ್ರತಿ ಕಲ್ಲಿನ ಕಾಲುವೆಯಿಂದ ಕಲ್ಲು, ಮಣ್ಣು ತೆಗೆಯುವುದು. ಇಷ್ಟೇ. ಒಂದು ಕಾಲುವೆಗೆ ಹೆಚ್ಚು ಹೊತ್ತು ಬೇಡ. ಬಿಟ್ಟರೆ ಮಾತ್ರ ದಾರಿ ಕೊಚ್ಚಿಹೋಗಿ, ಹೆಲಿಕಾಪ್ಟರಿನಲ್ಲಿ ಚೀಲಗಟ್ಟಲೆ ಕಲ್ಲು ತಂದು, ನುರಿತವರು ಒಂದೊಂದೇ ಕಲ್ಲನ್ನು ನೆಲಕ್ಕೆ ಹೂಳಿ ಮೆಟ್ಟಿಲು ಕಟ್ಟಬೇಕಾಗುತ್ತದೆ. ಅದಕ್ಕಾಗುವ ಖರ್ಚೆಲ್ಲಿ, ಸಲಿಕೆಯ ಖರ್ಚೆಲ್ಲಿ!

ಹೆಲಿಕಾಪ್ಟರ್ ಅಂದಾಗ ಪೆನ್ನೈನ್ ವೇ ನೆನಪಾಗುತ್ತದೆ. 1965ರಲ್ಲಿ ಶುರುವಾದ ಈ 268 ಮೈಲಿಯ ದಾರಿ ಎಷ್ಟು ಹೆಸರು ಮಾಡಿತೆಂದರೆ ನಡೆಯುವವರ ಕಾಲಡಿಯಲ್ಲಿ ಪೀಟ್ ನೆಲ ಕರಗಿಹೋಯಿತು. ಪೀಟ್ ಅಂದರೆ ಸಾವಿರಾರು ವರ್ಷ ಕೊಳೆಯದೆ ಕೂತ ಸಸ್ಯದ ಕಪ್ಪು ಮಣ್ಣು, ನೀರು ತುಂಬಿಕೊಂಡಿರುತ್ತದೆ. ಒಮ್ಮೆ ಮೇಲಿನ ಹುಲ್ಲು ಹೋದರೆ ಮುಗಿಯಿತು. ಕೊನೆಗೆ ಲ್ಯಾಂಕಶೈರ್ ಕಡೆ ಮುಚ್ಚಿಹೋದ ಹತ್ತಿ ಗಿರಣಿಗಳ ನೆಲಕ್ಕೆ ಹಾಸಿದ್ದ ಚಪ್ಪಡಿಗಳನ್ನು ಎತ್ತಿ ಬೆಟ್ಟಕ್ಕೆ ಹಾರಿಸಿಕೊಂಡು ಹೋಗಿ ಹಾಸಿದರು. ಕೆಲವರಿಗೆ ಇದು ಇಷ್ಟವಿಲ್ಲ, ಬೆಟ್ಟದ ಮೇಲೆ ಫುಟ್‌ಪಾತ್ ಮಾಡಿದರು ಅಂತ ಗೊಣಗುತ್ತಾರೆ. ಚಪ್ಪಡಿಯ ಎರಡೂ ಬದಿ ಹುಲ್ಲು ಮತ್ತೆ ಚಿಗುರಿದ್ದನ್ನು ನೋಡಿದ ಮೇಲೆ ನನಗೆ ಆ ಗೊಣಗಾಟ ಒಪ್ಪಿಗೆಯಿಲ್ಲ. ಲೇಕ್ ಡಿಸ್ಟ್ರಿಕ್ಟ್‌ನ ಕೆಲವು ಜೌಗು ಜಾಗಗಳಲ್ಲಿ ಕುರಿಯ ಉಣ್ಣೆಯನ್ನೇ ಕೆಳಗೆ ಹಾಸಿ, ಅದರ ಮೇಲೆ ದಾರಿ ಮಾಡಿದ್ದಾರೆ. ಉಣ್ಣೆ ಭಾರವನ್ನು ಹರಡುತ್ತದೆ, ಮೇಲಿನ ಕಲ್ಲು ಕೆಸರಿಗೆ ಇಳಿಯುವುದಿಲ್ಲ.

ಈಗ ನಿಮ್ಮ ಅಮ್ಮ ದಾಟಲಾಗದ ಸ್ಟೈಲ್. ನಮ್ಮ ಕಡೆಯ ತಡಮೆಯ ಕೆಲಸವೇ ಇದರದ್ದೂ. ಮನುಷ್ಯರು ದಾಟಬೇಕು, ದನ ಕುರಿ ದಾಟಬಾರದು. ಮೊಣಕಾಲು ನೋವಿರುವವರಿಗೆ, ಪುಟ್ಟ ಮಕ್ಕಳಿಗೆ, ದೊಡ್ಡ ನಾಯಿ ಕರೆತರುವವರಿಗೆ ಇದು ಗೋಡೆಯೇ. ಹಾಗಾಗಿ ಈಗ ಪದ್ಧತಿ ಬದಲಾಗಿದೆ. ಜಾನುವಾರು ಇಲ್ಲದಿದ್ದರೆ ಬರೀ ಸಂದಿ ಬಿಡಿ. ಇದ್ದರೆ ಗೇಟು ಹಾಕಿ. ಅದೂ ಆಗದಿದ್ದರೆ ಕಿಸ್ಸಿಂಗ್ ಗೇಟ್, ಒಬ್ಬೊಬ್ಬರೇ ಒಳಗೆ ನಿಂತು ಬಾಗಿಲು ತಿರುಗಿಸಿ ದಾಟುವಂಥದ್ದು. ಹೊಸದಾಗಿ ಸ್ಟೈಲ್ ಹಾಕುವ ಮಾತನ್ನು ಈಗ ಯಾರೂ ಇಷ್ಟಪಡುವುದಿಲ್ಲ.

ನಿಮ್ಮ ಭಾಗದಲ್ಲಿ ಚಿಲ್ಟರ್ನ್ ಸೊಸೈಟಿ ಇದೆ. 1965ರಿಂದ ಇದೆ, ಅದರ ಸ್ವಯಂಸೇವಕರ ತಂಡಗಳು ಸುತ್ತಲಿನ ಕೌಂಟಿಗಳಲ್ಲಿ ಕೆಲಸ ಮಾಡುತ್ತವೆ. ಅವರ ‘ಡೊನೇಟ್ ಎ ಗೇಟ್’ ಯೋಜನೆಯಲ್ಲಿ ಯಾರಾದರೂ ಗೇಟಿಗೆ ದುಡ್ಡು ಕೊಡಬಹುದು, ತೀರಿಕೊಂಡವರ ನೆನಪಿಗೆ ಅಂತಲೂ ಕೊಡುತ್ತಾರೆ. ಹೀಗೆ ಎಷ್ಟೋ ಸ್ಟೈಲ್‌ಗಳು ಹೋಗಿ ಗೇಟುಗಳು ಬಂದಿವೆ. ಆದರೆ ಎರಡು ಒಪ್ಪಿಗೆ ಬೇಕೇ ಬೇಕು: ಜಮೀನಿನವರದು, ಕೌನ್ಸಿಲ್‌ದು. ಒಂದು ಗೇಟು ನೆಡಲು ಅರ್ಧ ದಿನ ಸಾಕು. ಒಪ್ಪಿಗೆಗೆ ಕೆಲವೊಮ್ಮೆ ಒಂದು ವರ್ಷ ಹಿಡಿಯುತ್ತದೆ. ಗುಂಡಿ ತೋಡುವಾಗ ಹಾರೆಯ ತುದಿಗೆ ಫ್ಲಿಂಟ್ ಸಿಕ್ಕಿ ಕಿಡಿ ಹಾರುವುದನ್ನು ನೋಡಿದ ಮೇಲೆ ಅರ್ಧ ದಿನ ಅನ್ನುವುದೂ ಸ್ವಲ್ಪ ಧಾರಾಳದ ಮಾತೇ.

ರೈತರ ಹತ್ತಿರ ಮಾತಾಡುವಾಗ ಕಾಯ್ದೆಯ ಸೆಕ್ಷನ್ ಮೊದಲೇ ತೆಗೆಯಬೇಡಿ. ‘ನಿಮ್ಮ ಕುರಿ ಯಾವ ಕಡೆ ಇರುತ್ತದೆ, ಗೇಟು ಯಾವ ಕಡೆಗೆ ತೆರೆದರೆ ಅನುಕೂಲ?’ ಅಂತ ಕೇಳಿ. ಅವರ ನಿಜವಾದ ಭಯ ಒಂದೇ, ಗೇಟು ಯಾರಾದರೂ ತೆರೆದಿಟ್ಟು ಹೋಗುತ್ತಾರೆ ಅನ್ನುವುದು. ತಾನಾಗಿ ಮುಚ್ಚಿಕೊಳ್ಳುವ ಗೇಟು ಅಂತ ತೋರಿಸಿದರೆ ಬಹಳ ಜನ ಒಪ್ಪುತ್ತಾರೆ. ಒಪ್ಪದವರೂ ಇದ್ದಾರೆ. ಅವರ ವಿಷಯ ಕೌನ್ಸಿಲ್‌ಗೆ ಬಿಡಿ, ಬೇಲಿ ಪಕ್ಕ ನಿಂತು ವಾದ ಮಾಡಬೇಡಿ.

ಸೇರುವುದು ಹೇಗೆ? ರ‍್ಯಾಂಬ್ಲರ್ಸ್ ಅನ್ನುವ ನಡಿಗೆಗಾರರ ಸಂಘ 1935ರಿಂದ ಇದೆ, ಅದರ ಸ್ಥಳೀಯ ಗುಂಪುಗಳಲ್ಲಿ ದಾರಿ ದುರಸ್ತಿ ತಂಡಗಳಿವೆ. ನಿಮ್ಮಲ್ಲಿ ಚಿಲ್ಟರ್ನ್ ಸೊಸೈಟಿ ಇದೆ. ಪಶ್ಚಿಮಕ್ಕೆ ಕಾಟ್ಸ್‌ವೋಲ್ಡ್ಸ್‌ನಲ್ಲಿ ಸ್ವಯಂಸೇವಕ ವಾರ್ಡನ್‌ಗಳ ತಂಡ ಇದೆ. ಇಮೇಲ್ ಹಾಕಿ, ಒಂದು ದಿನ ಬಂದು ನೋಡುತ್ತೇನೆ ಅನ್ನಿ. ತಂಡದ ಜೊತೆ ಹೋಗುವುದರ ದೊಡ್ಡ ಲಾಭ ಇನ್ಶೂರೆನ್ಸ್. ಒಪ್ಪಿಗೆ ಪಡೆದ ಕೆಲಸದಲ್ಲಿ ನಿಮಗೆ ಪೆಟ್ಟಾದರೆ, ನಿಮ್ಮಿಂದ ಇನ್ನೊಬ್ಬರಿಗೆ ಪೆಟ್ಟಾದರೆ, ನೋಡಿಕೊಳ್ಳಲು ವ್ಯವಸ್ಥೆ ಇರುತ್ತದೆ. ಒಬ್ಬರೇ ಹೋಗಿ ಮರದ ಹಲಗೆ ಹಾಕಿ, ಅದರ ಮೇಲೆ ಯಾರಾದರೂ ಜಾರಿ ಬಿದ್ದರೆ ಆ ತಲೆನೋವು ಪೂರ್ತಿ ನಿಮ್ಮದು.

ಒಂದು ತೊಡಕು ಮೊದಲೇ ಹೇಳಿಬಿಡುತ್ತೇನೆ. ತಂಡಗಳಲ್ಲಿ ಹೆಚ್ಚಿನವರು ನಿವೃತ್ತರು. ಕೆಲಸ ಮಂಗಳವಾರವೋ ಬುಧವಾರವೋ ಬೆಳಿಗ್ಗೆ ಇರುತ್ತದೆ. ನಿಮ್ಮಂಥ ಕೆಲಸದವರಿಗೆ ಅದು ಆಗುವುದಿಲ್ಲ. ವಾರಾಂತ್ಯದ ತಂಡ ಇದೆಯಾ ಕೇಳಿ. ಇಲ್ಲದಿದ್ದರೆ ದಾರಿ ನೋಡಿಕೊಳ್ಳುವ ಕೆಲಸ ಕೇಳಿ. ಒಂದು ಪ್ಯಾರಿಷ್‌ನ ದಾರಿಗಳನ್ನು ನಿಮಗೆ ಒಪ್ಪಿಸುತ್ತಾರೆ, ನಿಮ್ಮ ಬಿಡುವಿನಲ್ಲಿ ನಡೆದು ಎಲ್ಲಿ ಏನಾಗಿದೆ ಅಂತ ಬರೆದು ಕಳಿಸಬೇಕು. ಮನೆಯವರನ್ನೂ ಕರೆದುಕೊಂಡು ಹೋಗಬಹುದು. ನನ್ನನ್ನು ಕೇಳಿದರೆ ಮೊದಲ ವರ್ಷ ಇದೇ ಒಳ್ಳೆಯದು.

ದೂರು ಬರೆಯುವುದಕ್ಕೂ ಒಂದು ರೀತಿ ಇದೆ. ‘ಹಳ್ಳಿಯ ಹತ್ತಿರ ದಾರಿ ತುಂಬಾ ಹಾಳಾಗಿದೆ’ ಅಂದರೆ ಆ ಪತ್ರ ಕಡತದಲ್ಲೇ ಉಳಿಯುತ್ತದೆ. ದಾರಿಯ ನಂಬರ್, ಗ್ರಿಡ್ ರೆಫರೆನ್ಸ್ (ನಕ್ಷೆಯಲ್ಲಿ ಆ ಜಾಗ ತೋರಿಸುವ ಸಂಖ್ಯೆ), ಯಾವ ಕಡೆಯಿಂದ ಬರುವಾಗ ಕಂಡದ್ದು, ಏನಾಗಿದೆ ಅನ್ನುವ ಒಂದೇ ವಾಕ್ಯ. ಫೋಟೋದಲ್ಲಿ ಅಳತೆ ತಿಳಿಯಲು ನಿಮ್ಮ ಊರುಗೋಲೋ ಬ್ಯಾಗೋ ಇರಲಿ. ಬಿದ್ದ ಮರ ಎಷ್ಟು ದಪ್ಪ ಅಂತ ತಿಳಿದರೆ ಕೈಗರಗಸ ಸಾಕಾ, ಚೈನ್‌ಸಾ ಕಲಿತವರನ್ನು ಕಳಿಸಬೇಕಾ ಅಂತ ಅವರು ಕೂತಲ್ಲೇ ನಿರ್ಧರಿಸುತ್ತಾರೆ. ಸ್ವಯಂಸೇವಕರು ಸರಿ ಮಾಡಿಬಿಡುತ್ತಾರೆ ಅಂತ ಕೌನ್ಸಿಲ್‌ಗೆ ತಿಳಿಸುವುದನ್ನು ಮಾತ್ರ ನಿಲ್ಲಿಸಬೇಡಿ. ದಾಖಲೆಯಲ್ಲಿ ಇಲ್ಲದ ತೊಂದರೆಗೆ ಮುಂದಿನ ವರ್ಷದ ಬಜೆಟ್ಟಿನಲ್ಲಿ ದುಡ್ಡು ಬರುವುದಿಲ್ಲ. ತಿಳಿಸಿದರೂ ಅಡ್ಡಿ ತೆಗೆಯದಿದ್ದರೆ ಹೈವೇಸ್ ಕಾಯ್ದೆಯ 130ಎ ಸೆಕ್ಷನ್ ಪ್ರಕಾರ ಸಾಮಾನ್ಯ ಜನರೂ ಕೌನ್ಸಿಲ್‌ಗೆ ನೋಟಿಸ್ ಕೊಡಬಹುದು. ಅದು ಕೊನೆಯ ಅಸ್ತ್ರ.

ಊರಿನ ವಿಷಯ. ಮಲೆನಾಡಿನಲ್ಲಿ ಮಳೆಗಾಲಕ್ಕೆ ಮೊದಲು ಊರವರೇ ಸೇರಿ ಅಡಿಕೆ ಮರದ ಕಾಲುಸಂಕ ಹಾಕುವುದನ್ನು ನೀವು ನೋಡಿಯೇ ಇರುತ್ತೀರಿ. ಸ್ವಯಂಸೇವೆ ಅನ್ನುವ ಹೆಸರು ಅದಕ್ಕಿಲ್ಲ, ಅಷ್ಟೇ. ಇಲ್ಲಿಯ ಪದ್ಧತಿಯನ್ನು ಹಾಗೇ ಅಲ್ಲಿಗೆ ಒಯ್ಯಲು ಆಗುವುದಿಲ್ಲ. ನಮ್ಮ ಗ್ರಾಮ ನಕ್ಷೆಯಲ್ಲೂ ಕಾಲುದಾರಿ, ಬಂಡಿದಾರಿ ಗುರುತು ಇರುತ್ತದೆ, ಆದರೆ ಪ್ರತಿ ಕಾಲುದಾರಿಯನ್ನೂ ನಡೆಯಲು ಯೋಗ್ಯವಾಗಿ ಇಡುವ ಇಂಥ ಏರ್ಪಾಡು ಅಲ್ಲಿ ಇಲ್ಲ. ಅರಣ್ಯದೊಳಗಿನ ಗುಡ್ಡದ ದಾರಿಯಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಅಲ್ಲಿ ನೀವು ಮಾಡಬಹುದಾದ ಒಳ್ಳೆಯ ಕೆಲಸ ಎಂದರೆ ರಜೆಗೆ ಹೋದಾಗ ಗ್ರಾಮ ನಕ್ಷೆಯ ಪ್ರತಿ ತೆಗೆಸಿ, ಹಿರಿಯರ ಜೊತೆ ಆ ದಾರಿಗಳನ್ನು ಒಮ್ಮೆ ನಡೆದು ಗುರುತು ಮಾಡಿಕೊಳ್ಳುವುದು. ಎಲ್ಲಿ ಬೇಲಿ ಬಿದ್ದಿದೆ, ಎಲ್ಲಿ ಇನ್ನೂ ಓಡಾಟ ಇದೆ ಅಂತ ಅವರಿಗೆ ಗೊತ್ತಿರುವಷ್ಟು ಕಚೇರಿಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ.

ಕೊನೆಯದಾಗಿ, ಮೊದಲ ದಿನಕ್ಕೆ ಬೇಕಾದ್ದು. ಸಲಕರಣೆ ತಂಡದವರೇ ಕೊಡುತ್ತಾರೆ. ಕೊಂಬೆ ಕತ್ತರಿಸುವ ಉದ್ದ ಹಿಡಿಯ ಲಾಪರ್, ಬಿಲ್ಲಿನಂಥ ಗರಗಸ, ಸಲಿಕೆ, ಹಾರೆ. ಬ್ರಷ್‌ಕಟರ್ ಮತ್ತು ಚೈನ್‌ಸಾ ಮುಟ್ಟಲು ತರಬೇತಿ ಬೇಕು, ಯಾರಾದರೂ ಪ್ರೀತಿಯಿಂದ ಕೈಗೆ ಕೊಟ್ಟರೂ ಬೇಡ ಅನ್ನಿ. ನೀವು ತರಬೇಕಾದ್ದು ಗಟ್ಟಿ ಬೂಟು, ಚರ್ಮದ ಕೈಗವಸು, ಉದ್ದ ತೋಳಿನ ಹಳೆಯ ಅಂಗಿ, ಮಳೆ ಕೋಟು, ನೀರು, ಊಟ. ಹನ್ನೊಂದು ಗಂಟೆಗೆ ಟೀ ಮತ್ತು ಕೇಕ್ ಇರುತ್ತದೆ. ಒಂದು ಡಬ್ಬ ಚಕ್ಕುಲಿ ಒಯ್ದರೆ ಮುಂದಿನ ಸಲವೂ ಕರೆಯುತ್ತಾರೆ.

ಬೇಲಿಯ ದೊಡ್ಡ ಕಟಾವು ಸೆಪ್ಟೆಂಬರ್‌ನಿಂದ ಫೆಬ್ರವರಿಯೊಳಗೆ. ಮಾರ್ಚ್‌ನಿಂದ ಆಗಸ್ಟ್‌ವರೆಗೆ ಹಕ್ಕಿ ಗೂಡು ಕಟ್ಟುವ ಕಾಲ. ಗೂಡಿಗೆ ಹಾನಿ ಮಾಡುವುದು 1981ರ ಕಾಯ್ದೆ ಪ್ರಕಾರ ಅಪರಾಧ. ಬೇಸಿಗೆಯಲ್ಲಿ ದಾರಿಯ ಮೇಲಿನ ಹುಲ್ಲು, ತುರುಚೆ ಗಿಡದ ಹಾಗೇ ಉರಿಸುವ ನೆಟ್ಟಲ್, ಬ್ಲ್ಯಾಕ್‌ಬೆರಿ ಮುಳ್ಳು ಇವನ್ನಷ್ಟೇ ಸವರುತ್ತಾರೆ, ಅದೂ ಗೂಡಿದೆಯಾ ನೋಡಿಕೊಂಡು. ಮುಳ್ಳನ್ನು ಅರ್ಧಕ್ಕೆ ಕತ್ತರಿಸಬೇಡಿ, ಬುಡದಲ್ಲೇ ಕತ್ತರಿಸಿ. ಕತ್ತರಿಸಿದ್ದನ್ನು ದಾರಿಯಿಂದ ಎಳೆದು ಹಾಕಿ, ಕಾಲುವೆಯೊಳಗೆ ಮಾತ್ರ ಬೇಡ.

ಬ್ಲ್ಯಾಕ್‌ಥಾರ್ನ್ ಮುಳ್ಳು ಚುಚ್ಚಿದರೆ ತುದಿ ಒಳಗೇ ಮುರಿದು ಕೀವಾಗುತ್ತದೆ, ಸಣ್ಣ ಗಾಯ ಅಂತ ಬಿಡಬೇಡಿ. ಮನೆಗೆ ಬಂದ ಮೇಲೆ ಮೊಣಕಾಲ ಹಿಂದೆ, ಕಂಕುಳು, ಸೊಂಟದ ಸುತ್ತ ಟಿಕ್ ಕಚ್ಚಿಕೊಂಡಿದೆಯಾ ನೋಡಿ. ನಮ್ಮ ಕಡೆಯ ಉಣುಗಿನ ಜಾತಿಯೇ. ಇಲ್ಲಿ ಅದರಿಂದ ಮಂಗನ ಕಾಯಿಲೆ ಬರುವುದಿಲ್ಲ, ಲೈಮ್ ಕಾಯಿಲೆ ಬರಬಹುದು. ಚಿಮುಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು ನಿಧಾನವಾಗಿ ನೇರ ಎಳೆಯಿರಿ. ಮುಂದಿನ ವಾರಗಳಲ್ಲಿ ಕಚ್ಚಿದ ಜಾಗದ ಸುತ್ತ ಕಲೆ ಹರಡುತ್ತಾ ಹೋದರೆ, ಇಲ್ಲವೇ ಜ್ವರ ಬಂದರೆ, ಜಿಪಿಗೆ (ಇಲ್ಲಿಯ ಕುಟುಂಬ ವೈದ್ಯರಿಗೆ) ಫೋನ್ ಮಾಡಿ ಟಿಕ್ ಕಚ್ಚಿತ್ತು ಅಂತ ಹೇಳಿ. ಟೆಟನಸ್ ಇಂಜೆಕ್ಷನ್‌ಗಳು ಪೂರ್ತಿ ಆಗಿವೆಯಾ ಅಂತಲೂ ಆಗಲೇ ಕೇಳಿಬಿಡಿ.